ನಡುವಿನ ವಾಯರು ಇನ್ನೂರ ಎಂಟು

ನಮ್ಮ ಭಾವನ ಪ್ಯಾಂಟುಗಳಿಗೆಲ್ಲ ಎಡಗಡೆಯ ಕಿಸೆ ಹರಿದಿರುತ್ತಿತ್ತು. ಬಲಗಡೆಯದು ಅಂಗಡಿಯಿಂದ ತಂದ ಹಾಗೆಯೇ ಗಟ್ಟಿ. ಎಡಗಡೆಯದು ಹೊಲಿಗೆ ಬಿಚ್ಚಿ, ತಳ ಕಿತ್ತು, ಒಳಗಿನ ಬಿಳಿ ಬಟ್ಟೆ ಹೊರಗೆ ಇಣುಕುತ್ತಿತ್ತು. ಕರೆಂಟಿನ ಪ್ಯಾನೆಲ್ಲಿನ ಮುಂದೆ ನಿಂತಾಗ ಅವನು ಎಡಗೈಯನ್ನು ಆ ಕಿಸೆಯೊಳಗೆ ತುರುಕಿ ಮುಷ್ಟಿ ಬಿಗಿಹಿಡಿಯುತ್ತಿದ್ದ. ಮೀಟರಿನ ಕಪ್ಪು ವಾಯರನ್ನು ಕ್ಲಿಪ್ಪಿನಿಂದ ಕರೆಂಟು ಮರಳಿ ಹೋಗುವ ನ್ಯೂಟ್ರಲ್ ವಾಯರಿಗೆ ಕಚ್ಚಿಸಿ, ಕೆಂಪು ಕಡ್ಡಿಯನ್ನು ಬಲಗೈಯಲ್ಲಿ ಹಿಡಿದು, ಒಂದೇ ಕೈಯಿಂದ ಅಳೆಯುತ್ತಿದ್ದ. ಎರಡೂ ಕೈ ಒಳಗೆ ಹೋದರೆ ಕರೆಂಟು ಎದೆಯನ್ನು ಹಾಯ್ದು ಹೋಗುತ್ತದೆ, ಒಂದೇ ಕೈಯಾದರೆ ಬದುಕಿಕೊಳ್ಳುವ ಆಸೆ ಇರುತ್ತದೆ ಎಂಬುದು ಆ ಹರಿದ ಕಿಸೆಯ ಕಾರಣ. ಅಕ್ಕ ತಿಂಗಳಿಗೊಮ್ಮೆ ಅದನ್ನು ಹೊಲಿದು ಕೊಡುತ್ತಿದ್ದಳು, ಅವನು ಮತ್ತೆ ಹರಿಯುತ್ತಿದ್ದ.

ಅಕ್ಕನ ಗಂಡನಿಗೆ 'ಅವರು' ಎನ್ನಬೇಕು, ಗೊತ್ತು. ನನ್ನ ಬಾಯಿಗೆ ಆ ಮಾತು ಬರಲಿಲ್ಲ, ಈಗ ಬರೆಯುವಾಗಲೂ ಬರುತ್ತಿಲ್ಲ. ಸುಳ್ಳು ಹೇಳಿ ಏನು ಮಾಡಲಿ, ಆ ಮನುಷ್ಯನನ್ನು ಕಂಡರೆ ನನಗೆ ಹೊಟ್ಟೆ ಉರಿಯುತ್ತಿತ್ತು. ಅವನ ಮೇಲೆ ಒಳ್ಳೆಯ ನಾಲ್ಕು ಮಾತು ಬರೆಯಬೇಕೆಂದು ಕುಳಿತವನೇ ಹೀಗೆ ಶುರು ಮಾಡಿದ್ದೇನೆ ಎಂದರೆ ಉಳಿದದ್ದನ್ನು ನೀವೇ ಅಂದಾಜು ಮಾಡಿಕೊಳ್ಳಿ.

ನಮ್ಮದು ಶಹಾಬಾದ. ಅಪ್ಪ ಮೂವತ್ತು ವರ್ಷ ಒಂದು ದೊಡ್ಡ ಕಾರ್ಖಾನೆಯಲ್ಲಿ ಎಲೆಕ್ಟ್ರಿಶಿಯನ್ ಆಗಿದ್ದವನು. ಅವನ ಕೈಕೆಳಗೆ ವಾಯರು ಎಳೆಯಲು ಬಂದವನು ಈ ಭಾವ. ದಂಡೋತಿಯವನು, ಅವರ ಅಜ್ಜ ಕಾಗಿಣಾದಲ್ಲಿ ದೋಣಿ ಹಾಕುತ್ತಿದ್ದನಂತೆ, ಅವರಪ್ಪ ಹೊಲದ ಕೂಲಿಗೆ ಹೋಗುತ್ತಿದ್ದನಂತೆ. ಹತ್ತನೆಯ ಇಯತ್ತೆಯನ್ನು ಎರಡು ಸಲಕ್ಕೆ ಪಾಸು ಮಾಡಿದವನು. ನಾನು ಕಲಬುರಗಿಯಲ್ಲಿ ಹಾಸ್ಟೆಲ್ಲಿನ ಸಾರು ಕುಡಿದುಕೊಂಡು ಡಿಪ್ಲೊಮಾ ಓದುತ್ತಿದ್ದ ಮೂರು ವರ್ಷದಲ್ಲಿ ಅಪ್ಪ ಈ ಮನುಷ್ಯನಿಗೆ ತನಗೆ ಗೊತ್ತಿದ್ದ ಕೆಲಸವನ್ನೆಲ್ಲ ಕಲಿಸಿಬಿಟ್ಟ, ಕೊನೆಗೆ ಮಗಳನ್ನೂ ಕೊಟ್ಟ. ನಾನು ಸರ್ಟಿಫಿಕೇಟು ಹಿಡಿದು ಮನೆಗೆ ಬಂದಾಗ ಪಡಸಾಲೆಯಲ್ಲಿ ಅಪ್ಪನ ಪಕ್ಕದ ಜಾಗ ಆಗಲೇ ಭರ್ತಿಯಾಗಿತ್ತು.

ಆ ಇಬ್ಬರೂ ಕುಳಿತರೆ ಮಾತೆಲ್ಲ ವೋಲ್ಟೇಜಿನದೇ. ಚಿಂಚೋಳಿಯ ಕಡೆ ಚಂದ್ರಂಪಳ್ಳಿ ಕೆರೆಯ ಕೆಳಗೆ ಒಂದು ಊರಿನಲ್ಲಿ ಮನೆಮನೆಯ ಬಲ್ಬು ಒಡೆಯುತ್ತಿದ್ದವಂತೆ. ಎಲ್ಲರೂ ಬಲ್ಬಿನ ಕಂಪನಿಯನ್ನು ಬೈಯುತ್ತಿದ್ದಾಗ ಭಾವ ಹೋಗಿ ಕಂಬ ಕಂಬ ಅಳೆದು, ನ್ಯೂಟ್ರಲ್ ಕಡಿದ ಜಾಗ ಹಿಡಿದನಂತೆ. ಈ ಕತೆಯನ್ನು ಅಪ್ಪ ಬಂದವರಿಗೆಲ್ಲ ಹೇಳುತ್ತಿದ್ದ. ಬೀಗರಿಗೆ ಹೇಳಿದ, ಹಾಲು ಹಾಕುವವನಿಗೆ ಹೇಳಿದ, ನನಗಂತೂ ಹದಿನೈದು ಸಲ ಹೇಳಿದ. ಪ್ರತಿ ಸಲವೂ ಕೊನೆಗೆ, 'ಅಳದ ನೋಡೋ ಮನುಷ್ಯಾ ಅಂವ' ಎಂದು ಮುಗಿಸುತ್ತಿದ್ದ. ನನ್ನ ಡಿಪ್ಲೊಮಾದ ಮಾತು ಬಂದರೆ, 'ಹಾಂ, ಅದೂ ಓದ್ಯಾನ' ಎನ್ನುತ್ತಿದ್ದ. ಅದೂ ಎಂಬ ಆ ಎರಡಕ್ಷರ ಕೇಳಿದಾಗಲೆಲ್ಲ ತಟ್ಟೆ ಬಿಟ್ಟು ಎದ್ದು ಹೋಗಬೇಕೆನಿಸುತ್ತಿತ್ತು.

ಊರಿನ ಹೊರಗೆ ವಾಡಿಯ ದಾರಿಯಲ್ಲಿ ಒಂದು ಕಲ್ಲು ಪಾಲಿಶ್ ಮಾಡುವ ಫ್ಯಾಕ್ಟರಿಯಲ್ಲಿ ನನಗೆ ಸೂಪರ್‌ವೈಸರ್ ಕೆಲಸ ಸಿಕ್ಕಿತು. ಭಾವ ಅಲ್ಲಿಯೇ ವಾಯರ್‌ಮನ್. ಅಂದರೆ ನಾನು ಮೇಲೆ, ಅವನು ಕೆಳಗೆ. ಕಾಗದದ ಮೇಲೆ ಮಾತ್ರ. ಯಾವ ಮೋಟರು ನಿಂತರೂ ಕೆಲಸಗಾರರು ನನ್ನ ಆಫೀಸಿನ ಬಾಗಿಲು ದಾಟಿ ಅವನ ಕಡೆಗೆ ಓಡುತ್ತಿದ್ದರು. ಅವನು ಫ್ಯಾಕ್ಟರಿಯೊಳಗೆ ನನಗೆ 'ಸಾಹೇಬ್ರ' ಎನ್ನುತ್ತಿದ್ದ, ಮನೆಯಲ್ಲಿ 'ತಮ್ಮಾ' ಎನ್ನುತ್ತಿದ್ದ. ಸಾಹೇಬ್ರ ಎಂದಾಗ ಚೇಷ್ಟೆ ಮಾಡುತ್ತಾನೆ ಎನಿಸುತ್ತಿತ್ತು, ತಮ್ಮಾ ಎಂದಾಗ ಮೇಲಿನಿಂದ ನೋಡುತ್ತಾನೆ ಎನಿಸುತ್ತಿತ್ತು. ಒಮ್ಮೆ ಸೇಡಂನ ಬೇಳೆ ಮಿಲ್ಲಿನವರು ಪ್ಯಾನೆಲ್ ನೋಡಲು ನನ್ನನ್ನು ಕರೆದಿದ್ದರು. ಇಸ್ತ್ರಿ ಮಾಡಿದ ಅಂಗಿ ಹಾಕಿಕೊಂಡು ಹೋದೆ. ಮಿಲ್ಲಿನ ಮುದುಕ ನನ್ನ ಹಿಂದೆ ಮುಂದೆ ನೋಡಿ, 'ಒಬ್ಬರ ಬಂದೀರಿ? ನಿಮ್ಮ ಭಾವ ಬರಾಂಗಿಲ್ಲೇನು?' ಎಂದ. ಕುಂದ್ರಿ ಎಂದು ಹೇಳುವ ಮೊದಲೇ ಅವನ ಬಾಯಿಂದ ಬಂದದ್ದು ಆ ಮಾತು.

ಭಾವನ ಇನ್ನೊಂದು ಹುಚ್ಚು ಚೀಟಿ ಬರೆಯುವುದು. ಚೀಟಿ ಎಂದೆ, ಕಾಗದದ್ದಲ್ಲ. ನಮ್ಮ ಫ್ಯಾಕ್ಟರಿಗಳಲ್ಲಿ ಕಲ್ಲಿನ ಕೆಸರು, ಕಲ್ಲಿನ ಧೂಳು. ಅಂಟಿಸಿದ ಸ್ಟಿಕ್ಕರು ಎಂಟು ದಿನಕ್ಕೆ ಬೆಳ್ಳಗಾಗಿ ಹದಿನೈದು ದಿನಕ್ಕೆ ಉದುರುತ್ತದೆ. ಅದಕ್ಕೆ ಅವನು ಅಂಗೈಯಗಲದ ತೆಳ್ಳನೆಯ, ನೆಲಕ್ಕೆ ಹಾಸುವ ಫರ್ಸಿ ಕಲ್ಲಿನ ಚೂರು ಆರಿಸಿ, ಮುರಿದ ಗರಗಸದ ಹಲ್ಲಿನಿಂದ ಅಂಕಿ ಕೊರೆದು, ಕೊರೆದಲ್ಲಿ ಬಣ್ಣ ತುಂಬಿ, ಪ್ಯಾನೆಲ್ಲಿನ ಪಕ್ಕದ ಗೋಡೆಗೆ ತೂಗುಹಾಕುತ್ತಿದ್ದ. ಯಾವ ವಾಯರಿನಲ್ಲಿ ಎಷ್ಟು ವೋಲ್ಟ್, ಯಾವುದು ಎಲ್ಲಿಗೆ ಹೋಗುತ್ತದೆ, ಎಲ್ಲ ಆ ಕಲ್ಲಿನ ಮೇಲೆ. ಧೂಳು ಕೂತರೆ ನೀರು ಎರಚಿದರಾಯಿತು. ಕೆಲಸದಲ್ಲಿ ಭಯಂಕರ ನಿಧಾನ. ಅಳೆಯುವ ಮೊದಲು ಗೊತ್ತಿದ್ದ ಒಂದು ಕಡೆ ಹಿಡಿದು ಮೀಟರು ಸರಿಯಿದೆಯೇ ನೋಡುವುದು, ಆಮೇಲೆ ಅಳೆಯುವುದು, ಆಮೇಲೆ ಮತ್ತೆ ಗೊತ್ತಿದ್ದ ಕಡೆ ಹಿಡಿಯುವುದು. ಅಷ್ಟಾದ ಮೇಲೆ ಕೊರೆಯುವುದು. ಗಡಿಬಿಡಿ ಮಾಡಿದರೆ, 'ಮೀಟರ್ ಹೇಳ್ಲಿ ರೀ, ನಾ ಯಾಕ ಹೇಳ್ಲಿ' ಎನ್ನುತ್ತಿದ್ದ. ಉಣ್ಣುವಾಗ ಮಾತ್ರ ಗಡಿಬಿಡಿ. ಪುಂಡಿಪಲ್ಯ ಇದ್ದರೆ ರೊಟ್ಟಿ ಎಷ್ಟು ಹೋದವೆಂಬುದೇ ಗೊತ್ತಾಗುತ್ತಿರಲಿಲ್ಲ, ಆ ಸಪ್ಪಳ ಬೀದಿಗೆ ಕೇಳುತ್ತಿತ್ತು. ಯಾರನ್ನೂ ಹೊಗಳುತ್ತಿರಲಿಲ್ಲ. ಜಿದ್ದಿನವನು. ಇವನ್ನೂ ಬರೆಯಲೇಬೇಕು, ಇಲ್ಲದಿದ್ದರೆ ನನಗೆ ಸಮಾಧಾನವಿಲ್ಲ.

ನಮ್ಮ ಮಾಲಕ ಒಂದು ಅಮೆರಿಕದ ಹಳೆಯ ಪಾಲಿಶ್ ಮಷಿನ್ ಖರೀದಿ ಮಾಡಿದ್ದು ಆ ವರ್ಷ. ಬಂದರಿನಲ್ಲಿ ಸೆಕೆಂಡ್ ಹ್ಯಾಂಡ್ ಸಾಮಾನು ಮಾರುವವರಿಂದ ಲಾರಿಯಲ್ಲಿ ತರಿಸಿದ. ಮಷಿನ್ನಿನ ಜೊತೆಗೆ ಅದರದೇ ಟ್ರಾನ್ಸ್‌ಫಾರ್ಮರು, ಅದರದೇ ಪ್ಯಾನೆಲ್. ನಮ್ಮ ಕಡೆಯ ಮೂರು ಫೇಸಿನ ಕರೆಂಟಿನಲ್ಲಿ ಯಾವ ವಾಯರನ್ನು ನ್ಯೂಟ್ರಲ್ಲಿಗೆ ಹಿಡಿದು ಅಳೆದರೂ ಇನ್ನೂರ ಮೂವತ್ತರ ಆಚೀಚೆ ಬರುತ್ತದೆ, ಮೂರೂ ಸಮ. ಡಿಪ್ಲೊಮಾದಲ್ಲಿ ನಾನು ಕಲಿತದ್ದು ಅದನ್ನೇ. ಭಾವ ಆ ಹೊಸ ಪ್ಯಾನೆಲ್ಲಿನ ಮುಂದೆ ಕಿಸೆಯಲ್ಲಿ ಕೈ ಇಟ್ಟುಕೊಂಡು ಅರ್ಧ ದಿನ ನಿಂತ. ಮಧ್ಯಾಹ್ನದ ಚಹಾದ ಹೊತ್ತಿಗೆ ಕೆಲಸಗಾರರೆಲ್ಲ ಅವನ ಸುತ್ತ ಕುಕ್ಕರಗಾಲಲ್ಲಿ ಕುಳಿತಿದ್ದರು. ಅವನು ಮೂರು ಚಹಾದ ಗ್ಲಾಸನ್ನು ನೆಲದ ಮೇಲೆ ಇಟ್ಟು ಏನೋ ತಿಳಿಸಿ ಹೇಳುತ್ತಿದ್ದ, ಅವರು ತಲೆಯಾಡಿಸುತ್ತಿದ್ದರು, ನಗುತ್ತಿದ್ದರು. ನಾನು ಆಫೀಸಿನ ಕಿಟಕಿಯಿಂದ ನೋಡಿದೆ. ಎದ್ದು ಹೋಗಿ ಕೇಳಬಹುದಿತ್ತು. ವಾಯರ್‌ಮನ್ ಹೇಳುವುದನ್ನು ಸೂಪರ್‌ವೈಸರ್ ಕುಕ್ಕರಗಾಲಲ್ಲಿ ಕುಳಿತು ಕೇಳುವುದೇ? ನನ್ನ ಚಹಾವನ್ನು ಆಫೀಸಿಗೆ ತರಿಸಿಕೊಂಡೆ.

ಮರುವಾರ ಅವನ ತಾಯಿಗೆ ಆರಾಮಿಲ್ಲವೆಂದು ಸುದ್ದಿ ಬಂದು ದಂಡೋತಿಗೆ ಹೋದ. ಮಳೆ ಹತ್ತಿಕೊಂಡಿತ್ತು, ಕಾಗಿಣಾ ನದಿಯ ನೀರು ಸೇತುವೆಯ ಮೇಲೆ ಹರಿದು ಅವನು ಆಚೆಯ ದಡದಲ್ಲಿಯೇ ಉಳಿದ. ಆಗ ನಾನು ಆ ಹೊಸ ಪ್ಯಾನೆಲ್ಲಿನ ಕಲ್ಲನ್ನು ಮೊದಲ ಸಲ ಸರಿಯಾಗಿ ಓದಿದೆ. ಮೊದಲನೆಯ ವಾಯರು ನೂರಿಪ್ಪತ್ತು. ಮೂರನೆಯದು ನೂರಿಪ್ಪತ್ತು. ನಡುವಿನದು ಇನ್ನೂರ ಎಂಟು. ಆ ಇನ್ನೂರ ಎಂಟಕ್ಕೆ ಕೇಸರಿ ಬಣ್ಣ ತುಂಬಿದ್ದ, ಒಳಗೆ ನಡುವಿನ ವಾಯರಿಗೂ ಕೇಸರಿ ಟೇಪು ಸುತ್ತಿದ್ದ. ನಾನು ಎರಡು ಸಲ ಓದಿದೆ. ಅಮೆರಿಕದಲ್ಲಿ ನೂರಿಪ್ಪತ್ತೇ ಎಂಬುದು ಗೊತ್ತಿತ್ತು, ಆದರೆ ಮೂರು ಫೇಸಿನಲ್ಲಿ ಎರಡು ನೂರಿಪ್ಪತ್ತು ಬಂದು ಒಂದು ಇನ್ನೂರ ಎಂಟು ಬರುವುದು ಹೇಗೆ ಸಾಧ್ಯ? ಸಿಕ್ಕಿಬಿದ್ದ ಎಂದುಕೊಂಡೆ. ಇಷ್ಟು ವರ್ಷಕ್ಕೆ ಈ ಮನುಷ್ಯ ತಪ್ಪಿದ, ಅದೂ ಕಲ್ಲಿನಲ್ಲಿ ಕೊರೆದು ತಪ್ಪಿದ. ಲಾಟರಿ ಹತ್ತಿದವರಿಗೂ ಅಷ್ಟು ಖುಷಿ ಆಗಿರಲಿಕ್ಕಿಲ್ಲ.

ಮೀಟರು ನನ್ನ ಮೇಜಿನ ಖಾನೆಯಲ್ಲಿಯೇ ಇತ್ತು. ಅಳೆಯಲಿಲ್ಲ. ಈಗ ಯಾರಾದರೂ ಯಾಕೆ ಎಂದು ಕೇಳಿದರೆ ಹೇಳುತ್ತೇನೆ: ಅಳೆದರೆ ಎಲ್ಲಿ ಅವನದೇ ಸರಿಯಾಗಿಬಿಡುತ್ತದೋ ಎಂಬ ಅಂಜಿಕೆ. ಅವತ್ತು ಆ ಅಂಜಿಕೆ ನನಗೆ ಗೊತ್ತಾಗಲಿಲ್ಲ. ಗಾಡಿ ಹತ್ತಿ ಸೀದಾ ಮನೆಗೆ ಹೋದೆ.

ಅಪ್ಪ ಆಗ ಎದೆಯ ಬೇನೆಯಿಂದ ಮಂಚ ಹಿಡಿದಿದ್ದ. ಕಿವಿ ಚುರುಕು, ನಾಲಿಗೆ ಚುರುಕು, ಕಾಲಿನಲ್ಲಿ ಬಲವಿಲ್ಲ. ಉಣ್ಣಲು ಕುಳಿತವನು ಸಹಜವಾಗಿ ಎಂಬಂತೆ ಮಾತು ತೆಗೆದೆ.

'ನಿನ್ನ ಅಳಿಯ ಹೊಸ ಪ್ಯಾನೆಲ್ಲಿಗಿ ತಪ್ಪ ಬರದಾನ.'

'ಏನ್ ಬರದಾನ?'

ಹೇಳಿದೆ. ಅಪ್ಪ ಮೇಲಿನ ತೊಲೆ ನೋಡಿದ.

'ನೀ ಅಳದಿಯೇನು?'

ಇಲ್ಲ ಎಂದಿದ್ದರೆ ಕತೆ ಅಲ್ಲಿಗೇ ಮುಗಿಯುತ್ತಿತ್ತು. 'ಅಳದೀನಿ' ಎಂದೆ.

'ಎಷ್ಟ್ ಬಂತು?'

'ನೂರಿಪ್ಪತ್ತು.'

'ಮೂರೂ?'

'ಮೂರೂ.'

ಅಪ್ಪನ ಮುಖದ ಮೇಲೆ ಮೆಲ್ಲಗೆ ಒಂದು ನಗೆ ಬಂತು. ಅಂಥ ನಗೆಯನ್ನು ಅವನು ನನ್ನ ಕಡೆ ನೋಡಿ ನಕ್ಕದ್ದು ನನಗೆ ನೆನಪಿರಲಿಲ್ಲ. ಫೋನು ಕೇಳಿದ. ಹಚ್ಚಿ ಕೊಟ್ಟೆ, ನನಗೂ ಕೇಳುವಂತೆ ಸ್ಪೀಕರು ಹಾಕಿದೆ.

'ನಾ ಅಳದಾಗ ಇನ್ನೂರ ಎಂಟ ಬಂದಿತ್ತರಿ ಮಾಂವ' ಎಂದ ಭಾವ ಆ ಕಡೆಯಿಂದ. ಹಿಂದೆ ಮಳೆಯ ಸಪ್ಪಳ ಕೇಳುತ್ತಿತ್ತು.

'ನಿಂದ ಏನೋ ತಪ್ಪಾಗ್ಯಾದ. ನನ್ನ ಮಗ ಅಳದು ನೋಡ್ಯಾನ.'

ನನ್ನ ಮಗ ಎಂದ. ನಾನು ರೊಟ್ಟಿ ಹಿಡಿದ ಕೈ ಹಾಗೇ ನಿಂತಿತು.

ಭಾವ ವಾದ ಮಾಡಲಿಲ್ಲ. 'ಆಯ್ತರಿ. ಬಂದ ಮ್ಯಾಲ ಇನ್ನೊಮ್ಮೆ ಅಳೀತೀನಿ. ಅಲ್ಲಿತನಕ ಆ ನಡುವಿನದಕ್ಕ ಏನೂ ಹಚ್ಚಬ್ಯಾಡ ಅಂತ ತಮ್ಮಗ ಹೇಳ್ರಿ.'

ಅಪ್ಪ ನನ್ನ ಕಡೆ ನೋಡಿದ. ನಾನು ಆಗಲಿ ಆಗಲಿ ಎಂದು ಕೈ ಬೀಸಿದೆ. ಅವತ್ತು ಎರಡು ರೊಟ್ಟಿ ಹೆಚ್ಚು ಉಂಡೆ.

ಇಷ್ಟಾದ ಮೇಲೆ ಆ ಕಲ್ಲು ಹಾಗೇ ಇರುವಂತಿಲ್ಲ. ಮರುದಿನ ಫರ್ಸಿಯ ಒಂದು ಚೂರು ಆರಿಸಿ, ಗರಗಸದ ಹಲ್ಲು ಹುಡುಕಿ, ಆಫೀಸಿನ ಬಾಗಿಲು ಹಾಕಿಕೊಂಡು ನಾನೇ ಕೊರೆದೆ. ನೂರಿಪ್ಪತ್ತು, ನೂರಿಪ್ಪತ್ತು, ನೂರಿಪ್ಪತ್ತು. ಕೈ ಬೊಬ್ಬೆ ಬಂತು. ಅವನ ಕಲ್ಲನ್ನು ಹಿಂದಿನ ಕಲ್ಲುಚೂರಿನ ರಾಶಿಯಲ್ಲಿ ಒಗೆದು ನನ್ನದನ್ನು ತೂಗುಹಾಕಿದೆ. ಕೇಸರಿ ಟೇಪು ಕಿತ್ತೆ. ಮೂರೂ ಸಮವಾಗಿ ಕಂಡದ್ದೇ ಮನಸ್ಸಿಗೆ ಭಾಳ ಹಿತವೆನಿಸಿತು.

ಆ ಪ್ಯಾನೆಲ್ಲಿನಲ್ಲಿ ನಡುವಿನ ವಾಯರಿನ ಜಾಗಕ್ಕೆ ಭಾವ ಯಾವ ಸ್ವಿಚ್ಚನ್ನೂ ಹಾಕದೆ ಖಾಲಿ ಮುಚ್ಚಳ ಬಡಿದಿದ್ದ. ಮೂರು ದಿನದ ಮೇಲೆ, ಪಾಲಿಶ್ ಕಲ್ಲಿಗೆ ನೀರು ಬಿಡುವ ಟೈಮರ್ ಡಬ್ಬಿಗೆ ಪ್ಯಾನೆಲ್ಲಿನಲ್ಲಿದ್ದ ಸ್ವಿಚ್ಚಿನೊಳಗೆ ಕೆಸರು ಹೊಕ್ಕು ಅದು ಕೆಟ್ಟಿತು. ಆ ಡಬ್ಬಿ ನೂರಿಪ್ಪತ್ತು ವೋಲ್ಟಿನದು, ಮೊದಲನೆಯ ವಾಯರಿನಿಂದ ನಡೆಯುತ್ತಿತ್ತು. ಕಲ್ಲು ಮಷಿನ್ನಿನ ಮೇಲೆ ಅರ್ಧ ಪಾಲಿಶ್ ಆಗಿ ನಿಂತಿತ್ತು, ಕುರಕುಂಟಾ ಊರಿನ ನಮ್ಮ ಆಪರೇಟರು, 'ಸಾಹೇಬ್ರ, ಏನ್ ಮಾಡೂಣ' ಎಂದು ಕೇಳುತ್ತಿದ್ದ. ಪಕ್ಕದಲ್ಲೇ ಒಳ್ಳೆಯ ಜಾಗ ಖಾಲಿ ಬಿದ್ದಿದೆಯಲ್ಲ ಎಂದುಕೊಂಡೆ. ಮೇನ್ ಬಂದ್ ಮಾಡಿ, ಮುಚ್ಚಳ ತೆಗೆದು, ನಡುವಿನ ಜಾಗಕ್ಕೆ ಹೊಸ ಸ್ವಿಚ್ ಹಾಕಿ, ಡಬ್ಬಿಯ ವಾಯರು ಅದಕ್ಕೆ ಜೋಡಿಸಿದೆ.

'ಅಂವ ನಡುವಿನದು ಬ್ಯಾರೆ ಅಂದಿದ್ದ ರೀ' ಎಂದ ಆಪರೇಟರು.

'ಕಲ್ಲ ಓದು' ಎಂದೆ.

ಮೇನ್ ಹಾಕಿದೆ. ಡಬ್ಬಿಯೊಳಗೆ ಫಟ್ ಎಂದಿತು, ಆಮೇಲೆ ಹೊಗೆ, ಆಮೇಲೆ ಸುಟ್ಟ ಪ್ಲಾಸ್ಟಿಕ್ಕಿನ ವಾಸನೆ. ಡಬ್ಬಿಯ ಮೇಲೆ ಕೈಯಿಟ್ಟಿದ್ದ ಆಪರೇಟರು ಹಿಂದಕ್ಕೆ ಹಾರಿ ಕೆಸರಿನಲ್ಲಿ ಕುಳಿತುಬಿಟ್ಟ. ದೇವರು ದೊಡ್ಡವನು, ಅಂಗೈ ಸ್ವಲ್ಪ ಸುಟ್ಟದ್ದು ಬಿಟ್ಟರೆ ಏನೂ ಆಗಲಿಲ್ಲ. ಒಳಗಿನ ಸರ್ಕಿಟ್ ಕಾರ್ಡು ಕರಗಿ ಹೋಗಿತ್ತು. ಅಂಥದು ಈ ದೇಶದಲ್ಲಿ ಸಿಗುವುದಿಲ್ಲ, ತಿಂಗಳುಗಟ್ಟಲೆ ಮಷಿನ್ ನಿಲ್ಲುತ್ತದೆ ಎಂದು ಸಂಜೆಯೊಳಗೆ ತಿಳಿಯಿತು.

ಮಾಲಕ ಬಂದ. ಗೋಡೆಯ ಕಲ್ಲು ಕೈಗೆ ತೆಗೆದುಕೊಂಡು ಓದಿದ. ಈ ಫ್ಯಾಕ್ಟರಿಯಲ್ಲಿ ಕಲ್ಲು ಕೊರೆಯುವವನು ಒಬ್ಬನೇ ಎಂಬುದು ಎಲ್ಲರಿಗೂ ಗೊತ್ತು.

'ನಡುವಿನದು ಬ್ಯಾರೆ ಅದ ಅಂತ ಬಾಯಿಲೆ ಹೇಳಿದ್ದ ರೀ ಅಂವ' ಎಂದ ಆಪರೇಟರು, ಭಾವನ ಪರವಾಗಿ.

'ಬಾಯಿಲೆ ಒಂದು ಹೇಳಿ ಕಲ್ಲಿನಾಗ ಒಂದು ಬರದ್ರ ಹ್ಯಾಂಗ?' ಎಂದ ಮಾಲಕ. ನನ್ನ ಕಡೆ ತಿರುಗಿ, 'ನೀವ್ ಏನ್ ಮಾಡ್ತೀರಿ ಪಾಪ, ಬರದದ್ದು ನೋಡಿ ಹಚ್ಚೀರಿ' ಎಂದ.

ಬೊಬ್ಬೆ ಬಂದ ಕೈಯನ್ನು ಹಿಂದೆ ಕಟ್ಟಿಕೊಂಡು ನಿಂತೆ.

ನೀರಿಳಿದ ಮೇಲೆ ಭಾವ ಬಂದ. ಬಂದವನು ಸೀದಾ ಪ್ಯಾನೆಲ್ಲಿನ ಹತ್ತಿರ ಹೋಗಿ ಕಲ್ಲು ನೋಡಿದ. ಅಂಕಿಗಳ ಮೇಲೆ ಹೆಬ್ಬೆರಳು ಆಡಿಸಿದ. ಆಮೇಲೆ ನನ್ನ ಆಫೀಸಿನೊಳಗೆ ಬಂದು ಬಾಗಿಲು ಮುಚ್ಚಿದ.

'ತಮ್ಮಾ' ಎಂದ. ಫ್ಯಾಕ್ಟರಿಯೊಳಗೆ ಅವನು ನನ್ನನ್ನು ಹಾಗೆ ಕರೆದದ್ದು ಅದೇ ಮೊದಲು. 'ಖರೆ ಹೇಳು. ಅಳದಿದ್ದಿಯೇನು?'

'ಇಲ್ಲ.'

'ನನ್ನ ಕಲ್ಲ?'

'ಒಗದೆ.'

ಅವನ ಕಣ್ಣು ಕೆಂಪಾಗಿದ್ದವು. ಹೊಡೆಯುತ್ತಾನೆ ಎಂದುಕೊಂಡೆ. ಹೊಡೆದಿದ್ದರೆ ಚೆನ್ನಾಗಿತ್ತು, ಮುಂದಿನದೆಲ್ಲ ತಪ್ಪುತ್ತಿತ್ತು. ಅವನು ಕುರ್ಚಿಯ ಬೆನ್ನು ಹಿಡಿದ.

'ಮೊನ್ನಿ ಮಾಂವ ಮತ್ತ ಫೋನ್ ಮಾಡಿದ್ದ' ಎಂದ. 'ಅರ್ಧಾ ತಾಸು ನಿನ್ನ ಮಾತ. ನನ್ನ ಮಗ ಹಿಂಗ, ನನ್ನ ಮಗ ಹಂಗ. ನನಗ ಬೈದ, ಖರೆ ಭಾಳ ಖುಷ್ ಇದ್ದ. ಈ ಎದೀ ಇಟ್ಕೊಂಡು ಆ ಮನುಷ್ಯಾ ಎಷ್ಟ್ ದಿನ ಇರ್ತಾನ? ಆ ಖುಷಿ ನಾ ಕೆಡಸಾಂಗಿಲ್ಲ. ನಿನ್ನ ಸಲುವಾಗಿ ಅಲ್ಲ, ತಿಳೀತೇನು? ನಿನ್ನ ಮಾರಿ ನೋಡಾಕ ನನಗ ಮನಸಿಲ್ಲ.'

ಬಾಗಿಲ ತನಕ ಹೋಗಿ ತಿರುಗಿದ.

'ನಾಳಿಂದ ಎಲ್ಲಾ ಪ್ಯಾನೆಲ್ ನೀ ಅಳೀಬೇಕು. ನಾ ನಿಂತು ನೋಡ್ತೀನಿ.'

ಮಾಲಕನಿಗೆ ಅವನು ಏನೂ ಹೇಳಲಿಲ್ಲ. ಮಾಲಕ ಅವನನ್ನು ಫ್ಯಾಕ್ಟರಿಯಿಂದ ತೆಗೆದು ಗಣಿಯ ನೀರೆತ್ತುವ ಪಂಪುಗಳ ಕೆಲಸಕ್ಕೆ ಹಾಕಿದ, ಬಿಸಿಲಲ್ಲಿ, ಹೊಂಡದಲ್ಲಿ. ಹೊಸ ಮಷಿನ್ನಿನ ಜವಾಬ್ದಾರಿ ನನಗೆ ಬಂತು. ನನಗೆ ಬೇಕಾದದ್ದೆಲ್ಲ ಒಂದೇ ವಾರದಲ್ಲಿ ಸಿಕ್ಕಿತು ನೋಡಿ.

ದಿನಾ ಸಂಜೆ ಗಣಿಯಿಂದ ಬಂದು ಅವನು ನನ್ನ ಹಿಂದೆ ನಿಲ್ಲುತ್ತಿದ್ದ. ಮೊದಲ ದಿನವೇ ಅಮೆರಿಕದ ಪ್ಯಾನೆಲ್. ಕಿಸೆಯಲ್ಲಿ ಎಡಗೈ ಇಡಿಸಿದ. ಗೊತ್ತಿದ್ದ ಕಡೆ ಹಿಡಿಸಿದ. ಮೊದಲನೆಯದು ನೂರಿಪ್ಪತ್ತು ಬಂತು. ನಡುವಿನದಕ್ಕೆ ಕಡ್ಡಿ ಮುಟ್ಟಿಸಿದೆ, ಇನ್ನೂರ ಎಂಟು. ಆ ಅಂಕಿ ಮೀಟರಿನಲ್ಲಿ ಕಂಡಾಗ ನನಗೆ ನೆಲ ಬಿರಿದು ಒಳಗೆ ಹೋದರೆ ಸಾಕೆನಿಸಿತು. ಆಮೇಲೆ ಅವನು ಮೂರು ಗ್ಲಾಸು ತರಿಸಿ ನೆಲದ ಮೇಲೆ ಮೂರು ಮೂಲೆಗೆ ಇಟ್ಟ. ಒಂದೊಂದು ಗ್ಲಾಸೂ ಒಂದೊಂದು ವಾಯರು. ಯಾವ ಎರಡು ಗ್ಲಾಸಿನ ನಡುವೆ ಅಳೆದರೂ ದೂರ ಒಂದೇ, ಇನ್ನೂರ ನಲವತ್ತು. ಆಮೇಲೆ ಒಂದು ಕಲ್ಲುಚೂರನ್ನು ಎರಡು ಗ್ಲಾಸುಗಳ ಸರಿನಡುವೆ ಇಟ್ಟ. ಅದು ನ್ಯೂಟ್ರಲ್.

'ಈ ಅಮೆರಿಕದವರು ಅದನ್ನ ಮೂರರ ಮಧ್ಯ ಇಟ್ಟಿಲ್ಲ, ಇಬ್ಬರ ಮಧ್ಯ ಇಟ್ಟಾರ. ಈ ಇಬ್ಬರಿಗಿ ಅದು ಹತ್ತರ, ನೂರಿಪ್ಪತ್ತು. ಆ ಇನ್ನೊಬ್ಬಗ ದೂರ, ಇನ್ನೂರ ಎಂಟು. ಅಷ್ಟ ಅದ ನೋಡು ಇದರ ಗುಟ್ಟು.'

ಕುಕ್ಕರಗಾಲಲ್ಲಿ ಕುಳಿತೇ ಕೇಳಿದೆ. ಎರಡು ನಿಮಿಷದ ಮಾತು. ಆ ಎರಡು ನಿಮಿಷವನ್ನು ನಾನು ಆಫೀಸಿನಲ್ಲಿ ಚಹಾ ಕುಡಿದು ಕಳೆದಿದ್ದೆ.

ಇಡೀ ಮಳೆಗಾಲ ಹೀಗೇ ನಡೆಯಿತು. ಅಳೆ, ಬರೆ, ಮತ್ತೆ ಅಳೆ. ತಪ್ಪಿದರೆ ಬೈಯುತ್ತಿರಲಿಲ್ಲ, ಸುಮ್ಮನೆ ನಿಲ್ಲುತ್ತಿದ್ದ, ಮತ್ತೆ ಮಾಡುವ ತನಕ. ಕೆಲಸದ ಮಾತು ಬಿಟ್ಟು ಇನ್ನೊಂದು ಮಾತಿಲ್ಲ. ನಮ್ಮ ಮನೆಗೆ ಬಂದರೆ ನಾನು ಉಣ್ಣುವ ಪಂಕ್ತಿಯಲ್ಲಿ ಕೂಡುತ್ತಿರಲಿಲ್ಲ. ಒಂದು ವರ್ಷ ಹೀಗಿದ್ದ. ನಾನು ಇವತ್ತು ಸೇಡಂ, ಚಿತ್ತಾಪುರ, ವಾಡಿ ಎಲ್ಲಿ ಹೋದರೂ ನಾಲ್ಕು ಜನ ನಂಬಿ ಪ್ಯಾನೆಲ್ ಬಿಚ್ಚಲು ಕೊಡುತ್ತಾರೆ ಎಂದರೆ ಅದು ಡಿಪ್ಲೊಮಾದಿಂದಲ್ಲ, ಆ ಮಳೆಗಾಲದಿಂದ. ಇದನ್ನು ಬರೆಯುವಾಗಲೂ ಹಲ್ಲು ಕಚ್ಚಿಯೇ ಬರೆಯುತ್ತಿದ್ದೇನೆ.

ಡಬ್ಬಿ ಸುಟ್ಟ ಸುದ್ದಿಯನ್ನು ಅಪ್ಪನ ಕಿವಿಗೆ ನಾನೂ ಹಾಕಲಿಲ್ಲ, ಅವನೂ ಹಾಕಲಿಲ್ಲ, ಅಕ್ಕನಿಗೂ ಹಾಕಬೇಡವೆಂದಿದ್ದ. ಅಳಿಯನನ್ನು ಗಣಿಗೆ ಹಾಕಿದ್ದು ತಪ್ಪು ಅಳೆದದ್ದಕ್ಕೇ ಎಂದು ಅಪ್ಪ ತಿಳಿದುಕೊಂಡ. ಫ್ಯಾಕ್ಟರಿಯವರಿಗೆ ಅವನು ತಪ್ಪು ಬರೆದವನು, ಅಪ್ಪನಿಗೆ ತಪ್ಪು ಅಳೆದವನು. ಎರಡೂ ಅವನಲ್ಲ.

ಈಗ ನನ್ನ ಹೊಟ್ಟೆಯನ್ನು ಎಲ್ಲಕ್ಕಿಂತ ಹೆಚ್ಚು ಉರಿಸಿದ್ದನ್ನು ಹೇಳುತ್ತೇನೆ. ಭಾವ ವಾರಕ್ಕೊಮ್ಮೆ ಅಪ್ಪನನ್ನು ನೋಡಲು ಬರುತ್ತಿದ್ದ. ಅಪ್ಪನಿಗೆ ಅವನ ಮೇಲೆ ಸಿಟ್ಟಿರಲಿಲ್ಲ, ಮರುಕವಿತ್ತು. ತಾನೇ ಸರಿಯಾಗಿ ಕಲಿಸಲಿಲ್ಲವೇನೋ ಎಂಬ ಕೊರಗಿತ್ತು. ಮಂಚದ ಮೇಲೆ ದಿಂಬಿಗೆ ಆನಿಸಿ ಕುಳಿತು, ಮೀಟರು ತರಿಸಿ, ಹೊಸಬನಿಗೆ ಕಲಿಸುವಂತೆ ಮೊದಲಿನಿಂದ ಶುರು ಮಾಡಿದ. ಅಳಿಯನ ಮಣಿಕಟ್ಟು ಹಿಡಿದು, 'ಹಿಂಗ ಹಿಡಿ. ಅವಸರ ಮಾಡಬ್ಯಾಡ. ಮೊದಲ ಗೊತ್ತಿದ್ದ ಕಡಿ ನೋಡ್ಕೋ' ಎನ್ನುತ್ತಿದ್ದ. ವರ್ಷಗಟ್ಟಲೆ ಅದನ್ನೇ ಮಾಡಿದ ಮನುಷ್ಯ ಆ ನಡುಗುವ ಕೈಗೆ ತನ್ನ ಕೈ ಕೊಟ್ಟು, 'ಹೌದ್ರಿ ಮಾಂವ. ಇನ್ನ ಮ್ಯಾಲ ಹಂಗ ಮಾಡ್ತೀನ್ರಿ' ಎನ್ನುತ್ತಿದ್ದ. ನಾನು ಬಾಗಿಲಲ್ಲಿ ನಿಂತು ನೋಡುತ್ತಿದ್ದೆ. ಆ ಪಾಠ ಬೇಕಾಗಿದ್ದದ್ದು ನನಗೆ. ಅಳೆದಿದ್ದೇನೆ ಎಂದು ಹೇಳಿದ ಬಾಯಿಂದ ನನಗೂ ಕಲಿಸು ಎಂದು ಹೇಗೆ ಕೇಳಲಿ? ಅಪ್ಪ ಒಮ್ಮೆಯೂ ನನ್ನ ಮ‌ಣಿಕಟ್ಟು ಹಿಡಿಯಲಿಲ್ಲ. ನನ್ನನ್ನು ಕಂಡರೆ ನಗುತ್ತಿದ್ದ, 'ಇಂವಗ ಏನ್ ಕಲಸೂದದ, ಇಂವ ಅಳದ ಬಂದಾನ' ಎನ್ನುತ್ತಿದ್ದ. ಮಾಘದಲ್ಲಿ ಅಪ್ಪ ಹೋದ. ಆ ನಗೆ ಹಾಗೇ ಇಟ್ಟುಕೊಂಡೇ ಹೋದ.

ಆಮೇಲೆ ವರ್ಷಗಳು ಕಳೆದವು. ಭಾವ ಮತ್ತೆ ಪಂಕ್ತಿಯಲ್ಲಿ ಕೂತ, ಮತ್ತೆ ಸಪ್ಪಳ ಮಾಡಿ ಉಂಡ. ಆ ವಿಷಯವನ್ನು ಮಾತ್ರ ಅವನೂ ಎತ್ತಲಿಲ್ಲ, ನಾನೂ ಎತ್ತಲಿಲ್ಲ. ಎತ್ತದಿರುವುದು ನನಗೆ ಅನುಕೂಲವಾಗಿತ್ತು. ಫ್ಯಾಕ್ಟರಿಯಲ್ಲಿ ಯಾರಾದರೂ ಅವನನ್ನು ಹೊಗಳಿದರೆ, 'ಅದೊಂದು ಡಬ್ಬಿ ಸುಟ್ಟಿದ್ದ ನೋಡ್ರಿ' ಎಂದು ಇನ್ಯಾರೋ ಹೇಳುತ್ತಿದ್ದರು. ಅದನ್ನು ಕೇಳಿದಾಗ ನನಗೆ ನಾಚಿಕೆಯೂ ಆಗುತ್ತಿತ್ತು, ಒಳಗೆಲ್ಲೋ ತಣ್ಣಗೂ ಆಗುತ್ತಿತ್ತು. ಎರಡೂ ಖರೆ.

ಹೋದ ವರ್ಷ ಅವನಿಗೆ ಕಾಮಾಲೆಯಾಯಿತು. ಗಿಡಮೂಲಿಕೆ, ಆಮೇಲೆ ದವಾಖಾನೆ. ಹದಿನೈದು ದಿನಕ್ಕೆ ಮುಗಿಯಿತು. ದಂಡೋತಿಯಲ್ಲಿಯೇ ಮಣ್ಣು ಮಾಡಿದೆವು. ಮೂರನೆಯ ದಿನ ಅವರ ಮನೆಯ ಅಂಗಳದಲ್ಲಿ ಜನ ಕುಳಿತಿದ್ದರು. ಸುತ್ತಲ ನಾಲ್ಕಾರು ಊರಿನ ವಾಯರ್‌ಮನ್‌ಗಳು, ಸೇಡಂನ ಮಿಲ್ಲಿನ ಮುದುಕ, ನಮ್ಮ ಆಪರೇಟರು, ಮಾಲಕ. ನನ್ನ ಸಾವಿಗೆ ಇದರಲ್ಲಿ ಕಾಲು ಭಾಗ ಜನ ಬಂದಾರೆಯೇ ಎಂದು ನಾನು ಕುಳಿತಲ್ಲಿಯೇ ಯೋಚಿಸಿದೆ. ಅಷ್ಟು ದುಃಖದಲ್ಲಿಯೂ ಯೋಚಿಸಿದೆ. ಅಕ್ಕ ಬಾಗಿಲ ಬಳಿ ಕುಳಿತಿದ್ದಳು, ಚಹಾ ಬಂದಿತ್ತು.

ಮಾಲಕ ಕಣ್ಣೊರೆಸಿಕೊಂಡು ಹೇಳಿದ: 'ಇಷ್ಟ್ ವರ್ಷದಾಗ ಒಂದ ಒಂದು ತಪ್ಪ ಮಾಡಿದ. ಒಂದು ಕಲ್ಲ ತಪ್ಪ ಬರದ. ಅಷ್ಟ ಬಿಟ್ರ ಬೆರಳ ತೋರಸಾಂಗಿಲ್ಲ ಅಂವಗ.'

ಎಲ್ಲರೂ ಹೌದು ಹೌದು ಎಂದರು, ಪ್ರೀತಿಯಿಂದಲೇ ಅಂದರು. ನಾನು ಸುಮ್ಮನಿದ್ದರೆ ಆಗುತ್ತಿತ್ತು. ಇನ್ನು ಹೇಳುವವರು ಭೂಮಿಯ ಮೇಲೆ ಯಾರೂ ಉಳಿದಿರಲಿಲ್ಲ. ಅವನ ಇಡೀ ಬದುಕಿನಲ್ಲಿ ನಾನು ಬೆರಳಿಟ್ಟು ತೋರಿಸಬಹುದಾದದ್ದು ಅದೊಂದೇ. ಅದನ್ನೂ ಬಿಟ್ಟುಕೊಟ್ಟರೆ ನನ್ನ ಕೈಯಲ್ಲಿ ಏನು ಉಳಿಯುತ್ತದೆ? ಆದರೂ ಬಾಯಿ ಬಿಟ್ಟೆ.

'ಆ ಕಲ್ಲ ಅಂವ ಬರದಿದ್ದಲ್ಲ' ಎಂದೆ. 'ನಾ ಬರದದ್ದು. ಅಂವ ಇನ್ನೂರ ಎಂಟು ಅಂತ ಸರಿ ಬರದಿದ್ದ. ಅದನ್ನ ನಾ ಒಗದು, ಅಳೀಲಾರದ ನೂರಿಪ್ಪತ್ತು ಬರದೆ. ಅಪ್ಪಗೂ ಅಳದೀನಿ ಅಂತ ಸುಳ್ಳ ಹೇಳಿದೆ.'

ಮಾಲಕ ಕಪ್ಪನ್ನು ಕೆಳಗಿಟ್ಟ. ಆಪರೇಟರು ತನ್ನ ಅಂಗೈಯನ್ನು ನೋಡಿಕೊಂಡ. ಅಕ್ಕ ಎದ್ದು ನನ್ನ ಎದುರಿಗೆ ಬಂದು ನಿಂತಳು.

'ನಮ್ಮ ಮನಿಯವರಿಗಿ ಗೊತ್ತಿತ್ತೇನು?'

'ಗೊತ್ತಿತ್ತು.'

'ಅಪ್ಪಗ?'

'ಇಲ್ಲ.'

ಅವಳು ನನ್ನ ಕೈಯಿಂದ ಖಾಲಿ ಕಪ್ಪು ತೆಗೆದುಕೊಂಡಳು. ದನಿ ಏರಿಸಲಿಲ್ಲ.

'ಹಂಗಾದ್ರ ಈಗ ಯಾರಿಗಿ ಹೇಳ್ಲಿಕತ್ತಿ ನೀ?' ಎಂದಳು. 'ಕೇಳಬೇಕಾದವರು ಇಬ್ಬರೂ ಹೋದ್ರಲ್ಲ.'

ಪಕ್ಕದವರ ಕಪ್ಪುಗಳನ್ನೂ ಒಂದೊಂದಾಗಿ ಎತ್ತಿಕೊಂಡು ಒಳಗೆ ಹೋದಳು.